ರಂಗೋಲಿಯಿಲ್ಲದ ಹನ್ನೊಂದು ದಿನ

ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸಿ, ಸರಳಾ ರಂಗೋಲಿ ಡಬ್ಬದ ಮುಚ್ಚಳ ತೆಗೆಯುವ ಹೊತ್ತಿಗೆ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಟಿಣ್ ಎಂದಿತು. ರಂಗೋಲಿ ಗುಂಪಿನಲ್ಲಿ ಭಾಗ್ಯಕ್ಕನ ಹೆಸರು. ಎಂಟು ದಿನದಿಂದ ಬಾರದೇ ಇದ್ದ ಹೆಸರು. ಸದ್ಯ, ಕೋಪ ಇಳಿಯಿತು ಎಂದುಕೊಂಡು ಬೆರಳನ್ನು ಸೆರಗಿಗೆ ಒರೆಸಿ ತೆರೆದಳು. ಫೋಟೋ ಇರಲಿಲ್ಲ. ತಮಿಳಿನಲ್ಲಿ ನಾಲ್ಕು ಸಾಲು ಇತ್ತು. ಸರಳಾ ಓದಿದ್ದು ಜವಳಗಿರಿ ಕಡೆಯ ಕನ್ನಡ ಶಾಲೆಯಲ್ಲಿ; ತಮಿಳು ಅಕ್ಷರ ಕೂಡಿಸಿಕೊಳ್ಳುವುದು ಅವಳಿಗೆ ನಿಧಾನ. ಮಗಳನ್ನು ಕೂಗಿದಳು.

"ಭಾನೂ, ಏನ್ ಬರ್ದವ್ರೆ ನೋಡೇ."

ಪ್ಲಸ್ ಟೂ ಓದುವ ಭಾನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದಳು. ಎರಡನೇ ಸಾಲಿಗೆ ಬರುವಾಗ ಬ್ರಷ್ಷು ಕೈಗೆ ಬಂತು.

"'ನಾನು ರಘುನಾಥ್, ಭಾಗ್ಯಲಕ್ಷ್ಮಿ ಗಂಡ. ಅವಳು ನಿನ್ನೆ ಸಾಯಂಕಾಲ ತೀರ್ಕೊಂಡ್ಳು. ಇವತ್ತು ಹನ್ನೊಂದು ಗಂಟೆಗೆ ಮಣ್ಣು. ನಿಮ್ಮನ್ನೆಲ್ಲಾ ನೆನೀತಿದ್ಳು.' ಅಷ್ಟೇ ಇರೋದಮ್ಮ."

"ಸರ್ಯಾಗಿ ಓದೇ."

"ಸರ್ಯಾಗೇ ಓದ್ದೆ."

ಸರಳಾ ಡಬ್ಬಕ್ಕೆ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. ಮತ್ತೆ ಹಾಕಿದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅಮ್ಮ, ನೀನು ಅವತ್ತು ಕೇಳಿದ್ಯಲ್ಲ, ಆ ಮೆಸೇಜು..."

"ಸುಮ್ನಿರೇ."

ಚುಕ್ಕಿ ಬಳಗ ಎಂಬ ವಾಟ್ಸಾಪ್ ಗುಂಪನ್ನು ನಾಲ್ಕು ವರ್ಷದ ಹಿಂದೆ ಸರಳಾಳೇ ಶುರು ಮಾಡಿದ್ದಳು. ಹೊಸೂರು, ತಳಿ, ಶೂಲಗಿರಿ, ಕೃಷ್ಣಗಿರಿ, ಎಲ್ಲ ಕಡೆಯಿಂದ ಈಗ ನೂರನಲವತ್ತು ಹೆಂಗಸರು ಸೇರಿದ್ದರು. ಕನ್ನಡದವರು, ತೆಲುಗಿನವರು, ತಮಿಳಿನವರು. ದಿನಾ ಬೆಳಿಗ್ಗೆ ಆರೂವರೆಯೊಳಗೆ ಅವರವರ ಮನೆ ಮುಂದಿನ ರಂಗೋಲಿಯ ಫೋಟೋ ಹಾಕಿ ಕೆಳಗೆ ಚುಕ್ಕಿಯ ಲೆಕ್ಕ ಬರೆಯಬೇಕು: ಹದಿನೈದರಿಂದ ಎಂಟಕ್ಕೆ, ಸಂದು ಚುಕ್ಕಿ, ಅಂದರೆ ಎರಡರ ನಡುವೆ ಒಂದು. ಅಷ್ಟು ಬರೆದರೆ ಯಾರು ಬೇಕಾದರೂ ತಮ್ಮ ಅಂಗಳದಲ್ಲಿ ಅದನ್ನೇ ಬಿಡಿಸಬಹುದು. ಕೆಲವರು ಎಲ್ಲೆಲ್ಲಿಂದಲೋ ಬಂದ ಚಿತ್ರಗಳನ್ನು ತಮ್ಮದೆಂದು ಹಾಕತೊಡಗಿದಾಗ ಸರಳಾ ಮೂರು ಕಟ್ಟಳೆ ಮಾಡಿದ್ದಳು. ಅವತ್ತಿನದೇ ಆಗಿರಬೇಕು. ಸ್ವಂತ ಕೈಯದಾಗಿರಬೇಕು. ಸ್ವಂತ ಮನೆ ಮುಂದಿನದಾಗಿರಬೇಕು.

ಭಾಗ್ಯಕ್ಕನ ಊರು ಕೃಷ್ಣಗಿರಿ ಡ್ಯಾಮಿನ ಹತ್ತಿರ ಎನ್ನುವುದು ಬಿಟ್ಟರೆ ಸರಳಾಗೆ ಹೆಚ್ಚೇನೂ ಗೊತ್ತಿರಲಿಲ್ಲ. ಮುಖ ನೋಡಿರಲಿಲ್ಲ, ಹೆಸರಿನ ಪಕ್ಕದಲ್ಲಿ ಒಂದು ತಾವರೆಯ ಚಿತ್ರವಿತ್ತು. ಆದರೆ ದಿನಾ ಎಲ್ಲರಿಗಿಂತ ಮೊದಲು ಬರುತ್ತಿದ್ದ ಫೋಟೋ ಅವಳದು, ಅದಕ್ಕೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದ ಉತ್ತರ ಸರಳಾಳದು. ಭಾನುಗೆ ಡೆಂಗೆ ಬಂದಾಗ ಒಂದು ವಾರ ಬಿಡದೆ ವಿಚಾರಿಸಿಕೊಂಡವಳು ಅವಳೊಬ್ಬಳೇ.

ಎಂಟು ದಿನದ ಹಿಂದೆ ಉತ್ತರೆ ಮಳೆ ರಾತ್ರಿಯಿಡೀ ಹೊಡೆದಿತ್ತು. ಬೆಳಿಗ್ಗೆ ಎಲ್ಲರ ಫೋಟೋದಲ್ಲೂ ಒದ್ದೆ ನೆಲ, ಹರಡಿಕೊಂಡ ಗೆರೆ. ಭಾಗ್ಯಕ್ಕನದು ಮಾತ್ರ ಕೆಂಪಗೆ ಒಣಗಿದ ನೆಲದ ಮೇಲೆ ಸ್ವಚ್ಛವಾಗಿ ಕೂತಿತ್ತು. ಒಂದು ವರ್ಷದಿಂದ ಅವಳ ರಂಗೋಲಿಯಲ್ಲಿ ಇನ್ನೊಂದನ್ನೂ ಸರಳಾ ಕಂಡಿದ್ದಳು: ನಡುಸಾಲಿನಲ್ಲಿ ಎರಡು ಕಡೆಯ ಗೆರೆ ಕೂದಲೆಳೆಯಷ್ಟು ಕೂಡುತ್ತಿರಲಿಲ್ಲ. ಅರ್ಧ ಗಂಟೆ ಒದ್ದಾಡಿದ್ದಳು. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು. ಕೊನೆಗೆ ಎಲ್ಲರೂ ನೋಡುವಂತೆ ಗುಂಪಿನಲ್ಲೇ ಬರೆದಳು: "ಅಕ್ಕ, ನಿಮ್ಮ ಕಡೆ ಮಳೆ ಇಲ್ವಾ? ನೆಲ ಒಣಗಿದೆ. ಇವತ್ತಿನದೇನಾ?"

ಇಪ್ಪತ್ತಮೂರು ಜನ ನಗುವ ಮುಖ ಒತ್ತಿದರು. ಭಾಗ್ಯಕ್ಕ "ಸಾರಿ ಸಿಸ್ಟರ್" ಎಂದಳು. ಆಮೇಲೆ ಅವಳಿಂದ ಏನೂ ಬಂದಿರಲಿಲ್ಲ.

ಕೊಟ್ಟಿಗೆಯಿಂದ ಹಾಲಿನ ತಂಬಿಗೆ ಹಿಡಿದು ಬಂದ ಅತ್ತೆ ವರಲಕ್ಷ್ಮಮ್ಮ ಸೊಸೆಯನ್ನು ನೋಡಿ ನಿಂತರು.

"ಏನೇ ಹಿಂಗ್ ಕುಂತೆ? ಬಿಸ್ಲು ಬಂತು. ರಂಗೋಲಿ ಎಲ್ಲಿ?"

"ಅತ್ತೆ, ಒಬ್ರು ಹೋಗ್ಬುಟ್ರು."

"ಅಯ್ಯೋ ಶಿವನೇ! ಯಾರು? ನಿಮ್ಮಮ್ಮನ ಕಡೆಯೋರಾ?"

"ಅಲ್ಲ. ಫೋನಿನೋರು."

"ಫೋನಿನೋರು ಅಂದ್ರೆ?"

"ರಂಗೋಲಿ ಗುಂಪಿನೋರು."

"ನೋಡಿದ್ಯಾ ಅವ್ರನ್ನ?"

"ಇಲ್ಲ."

"ಊರಿಗೋಗಿದ್ಯಾ? ಯಾವ ಜನ, ಏನು?"

"ಗೊತ್ತಿಲ್ಲ ಅತ್ತೆ."

ವರಲಕ್ಷ್ಮಮ್ಮ ತಂಬಿಗೆ ಕೆಳಗಿಟ್ಟರು. "ಕಣ್ಣಲ್ಲಿ ನೋಡ್ದೇ ಇರೋರಿಗೆ ಬಾಗ್ಲಲ್ಲಿ ಹಿಂಗ್ ಕುಂತ್ಕೊಳ್ಳೋದಾ? ಎದ್ದೇಳು. ಎರಡು ಗೆರೆ ಎಳ್ದು ಒಳಕ್ ಬಾ, ನಿನ್ ಗಂಡನ ಬುತ್ತಿಗೆ ಇನ್ನೂ ಒಗ್ಗರಣೆ ಬಿದ್ದಿಲ್ಲ."

ಸರಳಾ ಎದ್ದು ಒಳಗೆ ಹೋದಳು. ಗೆರೆ ಎಳೆಯಲಿಲ್ಲ.

ಮಧ್ಯಾಹ್ನದವರೆಗೂ ಗುಂಪಿನಲ್ಲಿ ಅದೇ ಮಾತು. ಒಬ್ಬಳು, ನಾಳೆ ಎಲ್ಲರೂ ಭಾಗ್ಯಳಿಗೆ ಇಷ್ಟವಾದ ತಾವರೆ ಬಿಡಿಸೋಣ ಎಂದಳು. ಇನ್ನೊಬ್ಬಳು, ಸಾವಿಗೆ ಯಾರಾದರೂ ರಂಗೋಲಿ ಹಾಕುತ್ತಾರಾ, ತಲೆ ನೆಟ್ಟಗಿದೆಯಾ ಎಂದು ಬೈದಳು. ಸತ್ತ ಮನೆಯ ಬಾಗಿಲಲ್ಲಿ ರಂಗೋಲಿ ಇರುವುದಿಲ್ಲ, ಹನ್ನೊಂದು ದಿನ. ನಾವೂ ಅವಳ ಮನೆಯವರೇ ಅಂದುಕೊಂಡರೆ ನಮ್ಮ ಬಾಗಿಲಲ್ಲೂ ಬೇಡ ಎಂದು ಮೂರನೆಯವಳು ಬರೆದಳು. ಎಲ್ಲರೂ ಸರಳಾ ಏನು ಹೇಳುತ್ತಾಳೋ ಎಂದು ಕಾದರು. ಸರಳಾ ಮುದ್ದೆ ತೊಳಸುತ್ತಿದ್ದವಳು ಕೈ ತೊಳೆದು "ಸರಿ" ಎಂದು ಬರೆದಳು. ಮಾರನೆಯ ದಿನ ಬೆಳಿಗ್ಗೆ ನೂರಕ್ಕೂ ಮೇಲೆ ಬರಿ ಅಂಗಳಗಳು ಒಂದರ ಕೆಳಗೊಂದು ಬಂದವು. ಗುಡಿಸಿ ನೀರು ಹಾಕಿದ್ದ, ಏನೂ ಇಲ್ಲದ ನೆಲ. ಅದನ್ನು ನೋಡಿದಾಗಲೇ ಸರಳಾಗೆ ಮೊದಲ ಬಾರಿ ಕಣ್ಣಲ್ಲಿ ನೀರು ಬಂದದ್ದು.

ಮನೆಯಲ್ಲಿ ಅದು ನಡೆಯಲಿಲ್ಲ.

"ಮುತ್ತೈದೆ ಇರೋ ಮನೆ ಬಾಗ್ಲು ಬೋಳಾಗಿರ್ಬಾರ್ದು ಕಣೇ," ಎಂದರು ಅತ್ತೆ ಎರಡನೇ ದಿನ.

"ಇನ್ನೊಂಬತ್ತು ದಿನ ಅಷ್ಟೇ ಅತ್ತೆ."

"ಲೆಕ್ಕ ಬೇರೆ ಹಾಕವ್ಳೆ! ನನ್ ಮಂಡಿ ಬಗ್ಗಿದ್ರೆ ನಿನ್ನನ್ಯಾಕೆ ಕೇಳ್ಲಿ, ನಾನೇ ಹಾಕೋಳು."

ಮೂರನೇ ದಿನ ಎದುರು ಮನೆ ಶ್ಯಾಮಲಾ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದು ಒಳಗೆಲ್ಲ ಕಣ್ಣಾಡಿಸಿದಳು. "ಎಲ್ರೂ ಚೆನ್ನಾಗವ್ರಾ ಅತ್ತೆ? ಮಾವ ಕಾಣ್ಲಿಲ್ಲ..." "ಹಿತ್ತಲಲ್ಲಿ ಅವ್ರೆ, ಕರೀಲಾ?" ಎಂದು ವರಲಕ್ಷ್ಮಮ್ಮ ಸಿಡುಕಿದರು. ಗುಂಪಿನಲ್ಲೂ ಒಬ್ಬೊಬ್ಬರಾಗಿ ಕಳಚಿಕೊಂಡರು. ಅತ್ತೆ ಬೈತಾರೆ, ಸಾರಿ. ನಾಳೆ ಹುಡುಗಿ ನೋಡೋಕೆ ಬರ್ತಾರೆ, ಸಾರಿ. ಆ ಪದ ಬಂದಾಗಲೆಲ್ಲ ಸರಳಾ ಫೋನನ್ನು ಮಗುಚಿಡುತ್ತಿದ್ದಳು.

ಅವಳ ತಲೆಯಲ್ಲಿದ್ದದ್ದು ಒಂದೇ. ನನ್ನ ಮಾತು ಆ ಹೆಂಗಸಿಗೆ ಏನು ಮಾಡಿತು? ಹೇಗೆ ಸತ್ತಳೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯ ಅವಳಿಗಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು, ಒಂದು ದಿನ ಹಾಲು ಉಕ್ಕಿ ಒಲೆ ಆರಿತು.

"ಕಂಪ್ನಿ ಕ್ಯಾಂಟೀನೇ ವಾಸಿ," ಎಂದ ಗಂಡ ಲಕ್ಷ್ಮೀಪತಿ, ಬುತ್ತಿ ಡಬ್ಬಿ ವಾಪಸು ಇಡುತ್ತ.

ಆರನೇ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಮನೆ ಮುಂದೆ ಆಟೋ ನಿಂತಿತು. ಮತ್ತಿಗಿರಿಯಲ್ಲಿರುವ ಮುನಿವೆಂಕಟಪ್ಪ, ಮಾವ ಅಶ್ವತ್ಥಪ್ಪನ ಚಿಕ್ಕಪ್ಪನ ಮಗ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಇಳಿದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಿಂದ ಸುಗಂಧರಾಜದ ದಪ್ಪ ಹಾರ ಇಣುಕುತ್ತಿತ್ತು. ಹಿಂದಿನಿಂದ ಅವನ ಹೆಂಡತಿ ಆಟೋದೊಳಗಿನಿಂದಲೇ ರಾಗ ತೆಗೆದಳು: "ಅಯ್ಯೋ ಭಾವಾ, ನಮಗೊಂದು ಮಾತು ಹೇಳ್ದೆ ಹೋಗ್ಬುಟ್ರಾ ಭಾವಾ!"

ಅಶ್ವತ್ಥಪ್ಪ ಜಗುಲಿಯ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದರು. ತುತ್ತು ಕೈಯಲ್ಲೇ ನಿಂತಿತು.

"ಯಾರ್ಲಾ ಹೋಗಿದ್ದು?" ಎಂದರು.

ಮುನಿವೆಂಕಟಪ್ಪ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಅವನ ಹೆಂಡತಿಯ ರಾಗ ಅರ್ಧಕ್ಕೆ ನಿಂತಿತು.

"ಅಣ್ಣ... ಹಾಲಿನ ವ್ಯಾನಿನೋನು ಹೇಳ್ದ. ಅಶ್ವತ್ಥಪ್ಪನ ಮನೆ ಬಾಗ್ಲಲ್ಲಿ ಐದು ದಿನದಿಂದ ರಂಗೋಲಿ ಇಲ್ಲ ಅಂತ. ಹೋದ ವಾರ ನಿನ್ನ ಉಬ್ಬಸಕ್ಕೆ ಆಸ್ಪತ್ರೆಗೆ ಸೇರ್ಸಿದ್ರಲ್ಲ, ಅದಕ್ಕೇ ನಾವು..."

"ಅದಕ್ಕೇ ಹಾರ ತಂದ್ಯಾ?"

"ಫೋನ್ ಮಾಡಿ ಕೇಳೋದಾದ್ರೂ ಹೆಂಗಣ್ಣ? ನೀನು ಸತ್ತೋದ್ಯಾ ಅಂತ ಕೇಳಾದಾ?"

"ಮಾರುದ್ದದ ಹಾರ ತಂದವ್ನೆ," ಎಂದು ಅಶ್ವತ್ಥಪ್ಪ ನಗಲು ನೋಡಿದರು. ನಗೆ ಬರಲಿಲ್ಲ. ತಟ್ಟೆಯಲ್ಲಿ ಕೈ ತೊಳೆದರು. ಆ ಹಾರವನ್ನು ದೇವರಿಗೂ ಹಾಕುವ ಹಾಗಿರಲಿಲ್ಲ, ಮನೆಯಲ್ಲೂ ಇಡುವ ಹಾಗಿರಲಿಲ್ಲ. ವರಲಕ್ಷ್ಮಮ್ಮ ಅದನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗಿ ತಿಪ್ಪೆಗೆ ಹಾಕಿದರು. ಅವರು ಬಂದು ಎರಡೆರಡು ಸಲ ಕೈ ತೊಳೆದದ್ದನ್ನು ಸರಳಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು.

ಆ ದಿನವಿಡೀ ಮಾವ ಏನೂ ತಿನ್ನಲಿಲ್ಲ. ನಾಲ್ಕು ಗಂಟೆಗೆ ಶಿಫ್ಟ್ ಮುಗಿಸಿ ಬಂದ ಲಕ್ಷ್ಮೀಪತಿ ಸಂಗತಿ ಕೇಳಿ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ.

"ಬದ್ಕಿರೋ ನಮ್ಮಪ್ಪಂಗೆ ಹಾರ ತರಿಸ್ದಲ್ಲೇ ನೀನು! ನಾಳೆ ರಂಗೋಲಿ ಹಾಕ್ತೀಯೋ, ಇಲ್ಲಾ ಫೋನ್ ಇಲ್ಲಿಡ್ತೀಯೋ?"

"ಅಪ್ಪಾ, ಅಮ್ಮ ಬೇಕಂತ ಮಾಡಿದ್ದಲ್ಲ..."

"ನೀನು ಓದ್ಕೊಳೇ! ಯಾವಳೋ ಸತ್ರೆ ನಮ್ಮನೇಲಿ ಸೂತಕ. ಊರೋರೆಲ್ಲ ನಗ್ತಾವ್ರೆ."

ಸರಳಾ ಫೋನನ್ನು ಊಟದ ಮಣೆಯ ಮೇಲಿಟ್ಟಳು. "ಯಾವಳೋ ಅಲ್ಲ. ನಾನೇ ಅವ್ರಿಗೆ ಕಳ್ಳಿ ಅಂದೆ," ಎಂದಳು.

"ಏನಂದೆ?"

"ಹಳೇ ಫೋಟೋ ಹಾಕ್ತಿದೀರ ಅಂತ ಎಲ್ರ ಮುಂದೆ ಕೇಳ್ದೆ. ಎಲ್ರೂ ನಕ್ರು. ಎಂಟು ದಿನಕ್ಕೆ ಹೋಗ್ಬುಟ್ರು. ಏನಾರ ಮಾಡ್ಕೊಂಡ್ರೋ, ಏನಾಯ್ತೋ, ನಂಗ್ ಗೊತ್ತಿಲ್ಲ. ಬಾಗ್ಲಲ್ಲಿ ಕುಂತು ಚುಕ್ಕಿ ಇಡೋಕೆ ಹೋದ್ರೆ ಕೈ ಓಡಲ್ಲ."

ಲಕ್ಷ್ಮೀಪತಿ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದ. ಅಲಸಂದೆಕಾಯಿ ಬಿಡಿಸುತ್ತಿದ್ದ ವರಲಕ್ಷ್ಮಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಇದನ್ನ ಮೊದ್ಲೇ ಯಾಕ್ ಹೇಳ್ಲಿಲ್ಲ?"

"ಹೆಂಗ್ ಹೇಳೋದು ಅತ್ತೆ?"

"ಹನ್ನೊಂದು ಯಾವತ್ತು?"

"ಭಾನುವಾರ."

"ಹೋಗಣ. ಸೂತಕ ಅಂತ ಕುಂತ್ಮೇಲೆ ಸತ್ತ ಮನೆ ಬಾಗ್ಲಿಗೆ ಹೋಗಿ ಬರ್ಬೇಕು. ಮನೇಲಿ ಕುಂತು ಪಟ ಹಾಕಿದ್ರೆ ಆಗೋಲ್ಲ." ಆಮೇಲೆ ಮಗನ ಕಡೆ ತಿರುಗಿ, "ನೀನು ಅವತ್ತು ನಿಮ್ಮಪ್ಪಂಗೆ ಗಂಜಿ ಕಾಯ್ಸಿ ಕೊಡು ಕಣ್ಲಾ. ಭಾನು ಹೇಳ್ಕೊಡ್ತಾಳೆ," ಎಂದರು.

ಹೊಸೂರಿನಿಂದ ಕೃಷ್ಣಗಿರಿ, ಅಲ್ಲಿಂದ ಡ್ಯಾಮಿನ ಕಡೆಯ ಟೌನ್ ಬಸ್ಸು. ದಾರಿಯುದ್ದಕ್ಕೂ ವರಲಕ್ಷ್ಮಮ್ಮ ಮಂಡಿ ನೀವಿಕೊಳ್ಳುತ್ತ, "ಏನ್ ಕೇಳ್ಬೇಕು ಅಂತ ಇದ್ಯೋ ಅದನ್ನ ಊಟಕ್ಕೆ ಮೊದ್ಲೇ ಕೇಳ್ಬುಡು. ಉಂಡ್ಮೇಲೆ ಬಾಯಿ ಬರೋಲ್ಲ," ಎಂದು ಮೂರು ಸಲ ಹೇಳಿದರು.

ಕಾರ್ಯ ಮುಗಿದಿತ್ತು. ಶಾಮಿಯಾನದ ಕೆಳಗೆ ಗಂಡಸರು ಎಲೆ ಮುಂದೆ ಕೂತಿದ್ದರು. ನಡುಮನೆಯಲ್ಲಿ ಹಾರ ಹಾಕಿದ ಫೋಟೋ. ಸರಳಾ ಅದರ ಮುಂದೆ ನಿಂತವಳು ಅಲುಗಾಡಲಿಲ್ಲ. ನಾಲ್ಕು ವರ್ಷ ಅಕ್ಕ ಅಕ್ಕ ಎಂದು ಕರೆದಿದ್ದವಳು ತನಗಿಂತ ಎಷ್ಟೋ ಚಿಕ್ಕವಳು. ಮೂವತ್ತು ದಾಟಿರಲಿಲ್ಲವೇನೋ. ಮೂಗುಬೊಟ್ಟು, ಒಂದು ಕಡೆ ಸೊಟ್ಟಗೆ ನಗುವ ತುಟಿ.

"ಯಾವೂರಮ್ಮ?" ಬಾಗಿಲ ಪಕ್ಕ ಕೂತಿದ್ದ ಮುದುಕಿ ಕನ್ನಡದಲ್ಲೇ ಕೇಳಿದಳು. ಭಾಗ್ಯಳ ಅತ್ತೆ, ಭದ್ರಮ್ಮ.

"ಸಾನಮಾವು ಹತ್ರ. ಭಾಗ್ಯಕ್ಕನ ರಂಗೋಲಿ ಗುಂಪಿನೋರು."

ಭದ್ರಮ್ಮ ಗೋಡೆ ಹಿಡಿದು ಎದ್ದಳು. "ಬಂದ್ರಾ? ಯಾರೂ ಬರೋಲ್ಲ, ಅವ್ರೆಲ್ಲ ಫೋನಲ್ಲಿರೋರು ಅಂದಿದ್ದ ನನ್ ಮಗ. ಬನ್ನಿ, ಅವ್ಳ ಜಾಗ ತೋರಿಸ್ತೀನಿ."

ಪಕ್ಕದ ಕೋಣೆಯಲ್ಲಿ ಒಂದು ಮರದ ಮಂಚ. ಅದರ ಕಾಲುಗಳನ್ನು ಗೇಣುದ್ದ ಬಿಟ್ಟು ಕುಯ್ದಿದ್ದರು. ಮಂಚದ ಪಕ್ಕದ ಸಿಮೆಂಟು ನೆಲಕ್ಕೆ ಎರಡು ಚಾಪೆಯಗಲ ಕೆಮ್ಮಣ್ಣು ಬಳಿದಿತ್ತು. ಅದರ ಮೇಲೆ, ಗುಡಿಸಿದರೂ ಹೋಗದ ಬಿಳಿ ಚುಕ್ಕಿಗಳ ಕಲೆ, ಸಾಲು ಸಾಲಾಗಿ.

"ಬೆನ್ನುಮೂಳೆಗೆ ಕ್ಯಾನ್ಸರ್ ಬಂದು ಒಂದು ವರ್ಷದಿಂದ ಇಲ್ಲೇ ಮಲ್ಗಿದ್ಲು," ಎಂದಳು ಭದ್ರಮ್ಮ. "ಎದೇನ ಮಂಚದಂಚಿಗೆ ಕೊಟ್ಟು, ಕೈ ಇಳೇಬಿಟ್ಟು ಹಾಕೋಳು. ಅರ್ಧ ಆದ್ಮೇಲೆ ನಾನೂ ರಘೂನೂ ಮಂಚ ಎತ್ತಿ ಆ ಕಡೆ ಇಡ್ಬೇಕು, ಇನ್ನರ್ಧಕ್ಕೆ. ದಿನಾ! ಅಂಗಳದ ಥರಾನೇ ಕಾಣ್ಬೇಕು ಅಂತ ನೆಲಕ್ಕೆ ಕೆಮ್ಮಣ್ಣು ಬಳಿಸ್ಕೊಂಡ್ಲು. ಮನೆ ಮುಂದೇನೇ ಹಾಕ್ಬೇಕು ಅಂತ ಏನೋ ರೂಲ್ಸಂತಲ್ಲ ನಿಮ್ದು."

ಸರಳಾ ಬಗ್ಗಿ ಆ ಕಲೆಗಳನ್ನು ನೋಡಿದಳು. ನಡುಸಾಲಿನಲ್ಲಿ ಕೂಡದಿದ್ದ ಗೆರೆ. ಮಳೆಯಲ್ಲಿ ಒಣಗಿದ್ದ ನೆಲ.

"ಆಮೇಲೆ ನಾನು ಗುಡಿಸೋ ಹಂಗಿಲ್ಲ. 'ತಡೀರಿ ಅತ್ತೆ, ಹೊಸೂರ್ ಸಿಸ್ಟರ್ ಇನ್ನೂ ನೋಡಿಲ್ಲ' ಅನ್ನೋಳು. ಆ ಯಮ್ಮ ನೋಡಿ ಏನೋ ಬರ್ದ್ಮೇಲೇ ಕಾಫಿ ಕುಡಿಯೋಳು. ಕೊನೇಗೊಂದಿನ ಫೋನಲ್ಲಿ ಯಾರೋ ಕೇಳಿದ್ರಂತೆ, ನೆಲ ಯಾಕೆ ಒಣಗೈತೆ ಅಂತ. ಮಾರನೇ ದಿನ ಹಠ. ನನ್ನನ್ನ ಅಂಗಳಕ್ಕೆ ಎತ್ಕೊಂಡೋಗಿ ಅಂತ. ನೋವಲ್ಲಿ ಕಿರುಚ್ಕೋತಾನೇ ಬಂದ್ಲು."

ಸರಳಾ ಅತ್ತೆಯ ಮುಖ ನೋಡಿದಳು. ವರಲಕ್ಷ್ಮಮ್ಮ ತಲೆ ಬೇರೆ ಕಡೆ ತಿರುಗಿಸಿಕೊಂಡರು, ಆದರೆ ಅವರ ಕೈ ಬಂದು ಸೊಸೆಯ ಮುಂಗೈ ಹಿಡಿಯಿತು.

"ಅಮ್ಮ, ಕೇಳ್ದೋಳು ನಾನೇ," ಎಂದಳು ಸರಳಾ. "ಹೊಸೂರ್ ಸಿಸ್ಟರೂ ನಾನೇ."

ಹೊರಗೆ ಎಲೆಗೆ ಪಾಯಸ ಬಡಿಸುವ ಸದ್ದು ಕೇಳುತ್ತಿತ್ತು. ಭದ್ರಮ್ಮ ಮಂಚದ ಮೇಲೆ ಕೂತಳು.

"ಯಾರು ಕೇಳಿದ್ದು ಅಂತ ನಾನು ಎಷ್ಟು ಸಲ ಕೇಳ್ದೆ. ಅವ್ಳು ಹೇಳ್ಲೇ ಇಲ್ಲ."

"ನನ್ನಿಂದ ಏನಾರ..."

"ಡಾಕ್ಟ್ರು ಅದಕ್ಕೆ ಮುಂಚೇನೇ ಹದಿನೈದು ದಿನ ಅಂದಿದ್ರು. ನಿನ್ನಿಂದ ಸಾಯ್ಲಿಲ್ಲ. ನೊಂದ್ಕೊಂಡ್ಲಾ ಅಂತ ಕೇಳ್ಬೇಡ. ನೊಂದ್ಕೊಂಡ್ಲು." ಭದ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಂಗಳಕ್ಕೆ ಬಂದ್ಲಲ್ಲ, ಕುರ್ಚಿ ಮೇಲೆ ಕೂರ್ಸುದ್ರೆ ಬಗ್ಗೋಕಾಗ್ಲಿಲ್ಲ. 'ಅತ್ತೆ, ನೀವ್ ಹಾಕಿ, ನಾನು ಹೇಳ್ತೀನಿ' ಅಂದ್ಲು. ಮದ್ವೆಯಾಗಿ ಹತ್ತು ವರ್ಷ ಆಯ್ತು, ನಾವಿಬ್ರೂ ಒಟ್ಗೆ ರಂಗೋಲಿ ಹಾಕಿದ್ದು ಅದೊಂದೇ ಸಲ. ಸೊಟ್ಟಕ್ ಸೊಟ್ಟ. ಹೊಟ್ಟೆ ಹಿಡ್ಕೊಂಡು ನಕ್ಲು. ರಘೂ! ಬಾರ್ಲಾ ಇಲ್ಲಿ. ಆ ಪಟ ತೋರ್ಸು."

ತಲೆ ಬೋಳಿಸಿಕೊಂಡಿದ್ದ ರಘುನಾಥ್ ಬಂದು ಹೆಂಡತಿಯ ಫೋನು ತೆಗೆದು ಹಿಡಿದ. ಒದ್ದೆ ಅಂಗಳ. ಐದಕ್ಕೆ ಐದು ಚುಕ್ಕಿ, ಒಂದು ಸಾಲು ಜಾರಿಹೋಗಿತ್ತು. ಮೂಲೆಯಲ್ಲಿ ಕುರ್ಚಿಯ ಒಂದು ಕಾಲು, ಅದರ ಪಕ್ಕ ಕಡ್ಡಿಯಂತಹ ಒಂದು ಪಾದ, ಬೆರಳಿಗೆ ಸಡಿಲವಾಗಿದ್ದ ಕಾಲುಂಗುರ.

"ಇದನ್ಯಾಕೆ ಕಳಿಸ್ಲಿಲ್ಲ?" ಕೇಳಿದ್ದು ವರಲಕ್ಷ್ಮಮ್ಮ.

"ಕಳ್ಸೇ ಅಂದೆ ನಾನು," ಎಂದ ರಘುನಾಥ್. "ಸ್ವಂತ ಕೈದಲ್ಲ, ರೂಲ್ಸಿಲ್ಲ ಅಂದ್ಲು."

ಭದ್ರಮ್ಮ ಸರಳಾಳನ್ನೇ ನೋಡುತ್ತಿದ್ದಳು. "ಈಗ ಹಾಕ್ಬೋದೇನಮ್ಮ? ಒಪ್ತದಾ?"

ಸರಳಾ ತಲೆಯಾಡಿಸಿದಳು. ರಘುನಾಥ್ ಬೆರಳಿಂದ ಒತ್ತಿದ.

ಸರಳಾಳ ಚೀಲದಲ್ಲಿ ಫೋನು ಟಿಣ್ ಎಂದಿತು. ಕೋಣೆಯಲ್ಲಿದ್ದ ನಾಲ್ವರೂ ಬೆಚ್ಚಿದರು. ತೆಗೆದು ನೋಡಿದಳು. ತಾವರೆಯ ಚಿತ್ರ, ಭಾಗ್ಯಕ್ಕನ ಹೆಸರು, ಅದರ ಕೆಳಗೆ ಒದ್ದೆ ಅಂಗಳ.

"ಬಂತಾ?" ಎಂದಳು ಭದ್ರಮ್ಮ.

"ಬಂತು."

"ಹಂಗಾರೆ ಏನಾರ ಬರಿ. ದಿನಾ ಬರೀತಿದ್ಯಲ್ಲ." ಮುದುಕಿ ಮತ್ತೆ ಹೇಳಿದಳು, "ನೆಲ ಯಾಕೆ ಒದ್ದೆ ಅಂತ ಮಾತ್ರ ಕೇಳ್ಬೇಡ."

ಸರಳಾ ಆ ಕೆಮ್ಮಣ್ಣಿನ ನೆಲದ ಮೇಲೇ ಕೂತಳು. ಬೆರಳು ಅಕ್ಷರಕ್ಕೆ ಸಿಗದೆ ಎರಡು ಸಲ ಅಳಿಸಿದಳು. ಮೂರನೇ ಸಲ ಬರೆದದ್ದನ್ನು ಎಲ್ಲರೂ ನೋಡುವಂತೆ ಗುಂಪಿನಲ್ಲೇ ಹಾಕಿದಳು: "ಇವತ್ತಿನದೇ ಅಕ್ಕ. ದಿನಾ ಅವತ್ತವತ್ತಿನದೇ ಆಗಿತ್ತು. ಸಾರಿ."